ಶೂಲದ ದೊರೆಗೆ ಎರಡು ನಿಮಿಷ

1462ರ ಜೂನ್ ತಿಂಗಳಲ್ಲಿ ತುರ್ಕಿ ಸುಲ್ತಾನನ ಸೈನ್ಯ ವಲಾಕಿಯಾದ ರಾಜಧಾನಿಯನ್ನು ಸಮೀಪಿಸಿದಾಗ, ಶೂಲಕ್ಕೇರಿಸಿದ ಸಾವಿರಾರು ಹೆಣಗಳು ಕಂಡವು ಎಂದು ಆ ಕಾಲದವರು ಬರೆದಿಟ್ಟಿದ್ದಾರೆ. ವಲಾಕಿಯಾ ಎಂದರೆ ಇಂದಿನ ರೊಮೇನಿಯಾದ ದಕ್ಷಿಣ ಭಾಗ. ಹೆಣಗಳ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಏರಿಸಿದವನು ಯಾರು ಎಂಬುದರಲ್ಲಿ ಇದೆ. ಅಲ್ಲಿನ ದೊರೆ. ನಾಲ್ಕು ಶತಮಾನಗಳ ನಂತರ ಅವನ ಹೆಸರನ್ನು ರಕ್ತ ಹೀರುವ ಪಿಶಾಚಿಯ ಕಥೆಯೊಂದಕ್ಕೆ ಬಳಸಿಕೊಂಡರು. ಅವನು ರಕ್ತ ಕುಡಿದದ್ದಕ್ಕೆ ಗಟ್ಟಿ ದಾಖಲೆಯಿಲ್ಲ.

ಕಳೆದ ವರ್ಷ ಅಕ್ಟೋಬರ್‌ನಲ್ಲಿ ಈ ದೊರೆ ಶಾಲೆಯ ಲೈಬ್ರರಿ ಪುಸ್ತಕವೊಂದರಲ್ಲಿ ಕುಳಿತು, ಮೆಲ್ಬರ್ನ್‌ನ ಕ್ಲೈಡ್ ನಾರ್ತ್‌ನಲ್ಲಿರುವ ನನ್ನ ತಂಗಿಯ ಮನೆಗೆ ಬಂದ.

ಅಲ್ಲಿನ ಕನ್ನಡ ಸಂಘ ರಾಜ್ಯೋತ್ಸವಕ್ಕೆ ಮಕ್ಕಳ ಛದ್ಮವೇಷ ಸ್ಪರ್ಧೆ ನಡೆಸುತ್ತದೆ. ಚರಿತ್ರೆಯ ರಾಜರು, ರಾಣಿಯರು ಮಾತ್ರ. ತಲಾ ಎರಡು ನಿಮಿಷ. ಮಾತುಗಳನ್ನು ಅಪ್ಪ ಅಮ್ಮ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತಾರೆ. ಮಕ್ಕಳು ಅರ್ಥ ತಿಳಿಯದೆ ಗರ್ಜಿಸುತ್ತಾರೆ. ಅದರ ಹಿಂದಿನ ವರ್ಷ ರಾಣಿಯಾಗಿ ನಿಂತಿದ್ದ ತಂಗಿಯ ಮಗಳು ಮೂರನೆಯ ಸಾಲು ಮರೆತು, ರಟ್ಟಿನ ಕತ್ತಿ ಬಿಸಾಡಿ ಅಳುತ್ತ ಇಳಿದಿದ್ದಳು. ಅಂದಿನಿಂದ ಅವಳು ಮನೆಯಿಂದ ಹೊರಗೆ ಕನ್ನಡದ ಒಂದು ಪದವನ್ನೂ ಆಡಿರಲಿಲ್ಲ.

ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿರುವ ನನ್ನ ಆಫೀಸಿನಲ್ಲಿ ಊಟಕ್ಕೆ ಕುಳಿತಿದ್ದಾಗ ತಂಗಿಯ ಫೋನ್ ಬಂತು.

"ಅಣ್ಣ, ಮತ್ತೆ ಸ್ಟೇಜ್ ಹತ್ತುತೀನಿ ಅಂತಿದಾಳೆ. ಆದ್ರೆ ಲೈಬ್ರರಿ ಪುಸ್ತಕದ ಆ ಶೂಲದ ರಾಜನೇ ಆಗ್ಬೇಕಂತೆ. ಇಲ್ಲಾಂದ್ರೆ ಇನ್ಯಾವತ್ತೂ ಇಲ್ವಂತೆ. ಸಂಘದ ಅಧ್ಯಕ್ಷರು ಒಪ್ಪಲ್ಲ ಅಂದ್ರು. ನೀನು ಪೇಪರ್‌ನಲ್ಲಿದ್ದೋನು, ನಿನ್ನ ಮಾತು ಕೇಳ್ತಾರೆ."

ಬೆಂಗಳೂರಿನ ಪತ್ರಿಕೆಯೊಂದರ ಸುದ್ದಿಮನೆಯನ್ನು ಬಿಟ್ಟು ನನಗೆ ಹನ್ನೊಂದು ವರ್ಷವಾಗಿತ್ತು. ಆದರೂ ಶುಕ್ರವಾರ ಸಂಜೆ ಸಿಡ್ನಿಯಿಂದ ಹೊರಟೆ.

ಅಧ್ಯಕ್ಷರು ಧಾರವಾಡದವರು. ತಂಗಿಯ ಮನೆಯಲ್ಲಿ ಚಹಾ ಹಿಡಿದು ಕುಳಿತಿದ್ದರು. "ಇದು ರಾಜ್ಯೋತ್ಸವ ಅದರಿ, ಹ್ಯಾಲೊವೀನ್ ಅಲ್ಲ. ರಕ್ತ ಕುಡಿಯೋ ದೆವ್ವಾನ ತಾಯಿ ಭುವನೇಶ್ವರಿ ಫೋಟೋ ಮುಂದ ನಿಲ್ಲಸ್ತೀರೇನ್ರಿ?"

"ದೆವ್ವ ಅಲ್ಲ ಸಾರ್, ನಿಜವಾದ ದೊರೆ," ಎಂದೆ.

"ಕ್ವಾಟಿ ಇತ್ತೇನ್ರಿ?"

"ಕೋಟೆನೂ ಇತ್ತು."

"ಹೊರಗಿನವರ ಜೋಡಿ ಯುದ್ಧಾ?"

"ಮಾಡಿದ್ದ."

ಅವರು ಲೋಟ ಕೆಳಗಿಟ್ಟರು. ಆಗ ಪುಸ್ತಕದಲ್ಲಿದ್ದ ಒಂದು ದಂತಕಥೆ ಹೇಳಿದೆ. ಊರ ಬಾವಿಯ ಬಳಿ ದೊರೆ ಚಿನ್ನದ ಬಟ್ಟಲು ಇಡಿಸಿದ್ದ. ಅವನು ಬದುಕಿರುವವರೆಗೂ ಯಾರೂ ಅದನ್ನು ಕದಿಯಲಿಲ್ಲ. ಯಾಕೆ ಕದಿಯಲಿಲ್ಲ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

"ನೋಡ್ರಿ, ಆಡಳಿತ ಅಂದ್ರ ಹಂಗಿರಬೇಕು. ನಮ್ಮ ಹಾಲ್‌ನಾಗ ಸ್ಟೀಲ್ ಚಮಚಾ ಸೈತ ಉಳಿಯಂಗಿಲ್ಲ." ಅನುಮತಿ ಸಿಕ್ಕಿತು. ಕೋರೆಹಲ್ಲು ಕೂಡದು, ರಕ್ತ ಕೂಡದು, ಶೂಲದ ಮಾತು ಕೂಡದು.

"ಶೂಲ ಬಿಟ್ರೆ ಇನ್ನೇನು ಉಳಿಯತ್ತೆ ಸಾರ್?" ತಂಗಿ ಕೇಳಿದಳು.

"ಶಿಸ್ತು ಉಳಿತದಲ್ರಿ."

ಹುಡುಗಿ ತನ್ನ ಮಾತುಗಳನ್ನು ತಾನೇ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಳು. ತಂಗಿ ಕನ್ನಡಕ್ಕೆ ತಿರುಗಿಸಿದಳು. ಹುಡುಗಿ ಪ್ರತಿ ಪದಕ್ಕೂ ಅರ್ಥ ಕೇಳಿ, ಬಾಯಿಗೆ ಬರುವವರೆಗೆ ಹೇಳಿ ನೋಡಿದಳು. ಸಂಘದ ಇತಿಹಾಸದಲ್ಲಿ ಇದು ಹೊಸ ಪದ್ಧತಿ.

ಭಾನುವಾರ ಅವಳ ಸರದಿಗೆ ಮೊದಲು ಒಬ್ಬಳೇ ರಾಣಿ ನಾಲ್ಕು ಮಕ್ಕಳ ರೂಪದಲ್ಲಿ ನಾಲ್ಕು ಸಲ ಬಂದು ಹೋದಳು. ನಾಲ್ಕೂ ಸಲ ಚಪ್ಪಾಳೆ. ನಂತರ ಅಮ್ಮನ ಕೆಂಪು ಶಾಲು ಹೊದ್ದು, ಕಾಡಿಗೆಯ ಮೀಸೆ ಬರೆಸಿಕೊಂಡ ವಲಾಕಿಯಾದ ದೊರೆ ಬಂದ. ಗಂಟೆ ಹಿಡಿದಿದ್ದವರು ಅಧ್ಯಕ್ಷರೇ.

"ನಾನು ದೊರೆ. ನನ್ನ ಊರಿನ ಬಾವಿಯ ಹತ್ತಿರ ಚಿನ್ನದ ಬಟ್ಟಲು ಇತ್ತು. ಯಾರೂ ಕದಿಯಲಿಲ್ಲ."

ಚಪ್ಪಾಳೆ. ಅದು ನಿಲ್ಲುವವರೆಗೆ ಅವಳು ಕಾದಳು. ತಂಗಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಮೂರನೆಯ ಸಾಲು ದಾಟಿತ್ತು. ಯುದ್ಧದ ಮಾತು ಬಂತು, ಮತ್ತೆ ಚಪ್ಪಾಳೆ, ಮತ್ತೆ ಕಾದಳು.

"ನನ್ನ ರಾಜ್ಯದಲ್ಲಿ ಬಡವರೇ ಇರಲಿಲ್ಲ."

ಸಭೆ ಎದ್ದು ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಚಪ್ಪಾಳೆಯಲ್ಲೇ ಎರಡು ನಿಮಿಷ ತೀರಿ, ಅಧ್ಯಕ್ಷರು ಸಂತೋಷದಿಂದ ಗಂಟೆ ಬಾರಿಸಿದರು. ಹುಡುಗಿ ಕದಲಲಿಲ್ಲ. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು.

"ಅಂಕಲ್, ಸ್ವಲ್ಪ ವೇಟ್ ಮಾಡಿ. ಇನ್ನೂ ಮುಗಿದಿಲ್ಲ ನಂದು."

ಈ ಸಾಲು ಕಾಗದದಲ್ಲಿರಲಿಲ್ಲ. ಯಾರೂ ಬರೆದುಕೊಟ್ಟದ್ದಲ್ಲ.

"ಹೇಳವಾ, ಹೇಳು," ಎಂದರು ಅಧ್ಯಕ್ಷರು.

"ಯಾಕೆ ಇರಲಿಲ್ಲ ಅಂದರೆ, ನಾನು ಬಡವರನ್ನೆಲ್ಲ ಊಟಕ್ಕೆ ಕರೆದೆ. ಹೊಟ್ಟೆ ತುಂಬ ಬಡಿಸಿದೆ. ಆಮೇಲೆ ಬಾಗಿಲು ಹಾಕಿ ಬೆಂಕಿ ಇಟ್ಟೆ. ನಮಸ್ಕಾರ."

ನಿಂತವರು ಒಬ್ಬೊಬ್ಬರಾಗಿ ಕುಳಿತರು. ತಂಗಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ನಿರೂಪಕಿ ಕೈಯಲ್ಲಿದ್ದ ಕಾರ್ಯಕ್ರಮ ಪಟ್ಟಿ ನೋಡಿ, ಅಲ್ಲಿದ್ದುದನ್ನೇ ಓದಿದರು. "ಈಗ ಎಲ್ಲರೂ ಪಕ್ಕದ ಹಾಲ್‌ಗೆ ಊಟಕ್ಕೆ ಬರಬೇಕಾಗಿ ವಿನಂತಿ."

ಯಾರೂ ಏಳಲಿಲ್ಲ. ಗಾಳಿ ಜೋರಿದ್ದುದರಿಂದ ಸ್ವಯಂಸೇವಕರೊಬ್ಬರು ಊಟದ ಹಾಲ್‌ನ ಬಾಗಿಲು ಮುಚ್ಚುತ್ತಿದ್ದರು. ಮುಂದಿನ ಸಾಲಿನ ಅಜ್ಜಿಯೊಬ್ಬರು, "ಅದೊಂದು ತೆಗೆದೇ ಇರಲಿ ಕಣಪ್ಪ," ಎಂದರು.

ಬಿಸಿಬೇಳೆಬಾತ್‌ನ ಸಾಲಿನಲ್ಲಿ ಅಧ್ಯಕ್ಷರು ನನ್ನ ಹಿಂದೆಯೇ ನಿಂತಿದ್ದರು.

"ನೀವು ಬಾವಿ ಕಥಿ ಅಷ್ಟ ಹೇಳಿದ್ರಿ."

"ನೀವು ಅಷ್ಟೇ ಕೇಳಿದ್ರಿ ಸಾರ್."

ಮೊದಲ ಬಹುಮಾನ ಮೂರನೆಯ ರಾಣಿಗೆ ಹೋಯಿತು. ದೊರೆಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಕಾರಿನಲ್ಲಿ ಅವಳು ಮೀಸೆ ಒರೆಸಿಕೊಳ್ಳುತ್ತ, "ಮಾಮ, ನಾನು ಮುಗಿಸೋಕೆ ಮುಂಚೆನೇ ಯಾಕೆ ಕ್ಲಾಪ್ ಮಾಡಿದ್ರು?" ಎಂದಳು. ಕನ್ನಡದಲ್ಲಿ ಕೇಳಿದ್ದಳು.

ಈ ವರ್ಷದ ಸುತ್ತೋಲೆ ಬಂದಿದೆ. ಪಾತ್ರಗಳು ಕರ್ನಾಟಕದವೇ ಆಗಿರಬೇಕು. ಮಾತುಗಳನ್ನು ಒಂದು ವಾರ ಮೊದಲೇ ಸಮಿತಿಗೆ ಒಪ್ಪಿಸಬೇಕು. ಛದ್ಮವೇಷ ಊಟವಾದ ನಂತರ ನಡೆಯುತ್ತದೆ.

ಹೋದ ಭಾನುವಾರ ತಂಗಿಯ ಮಗಳು ಅರ್ಜಿ ಕಳಿಸಿದ್ದಾಳೆ. ಪಾತ್ರದ ಹೆಸರು ಬರೆಯುವ ಜಾಗದಲ್ಲಿ, ಸೊಟ್ಟ ಕನ್ನಡ ಅಕ್ಷರಗಳಲ್ಲಿ, "ಕರ್ನಾಟಕದ ಒಬ್ಬ ರಾಜ, ಇನ್ನೂ ಓದುತ್ತಾ ಇದ್ದೇನೆ" ಎಂದಿದೆ. ಸಮಿತಿಯಿಂದ ಇನ್ನೂ ಉತ್ತರ ಬಂದಿಲ್ಲ.