ನೀಲಕ್ಕನ ಹಿಮ್ಮಡಿ ಮತ್ತು ಜೇಜುರಿಯ ಮೆಟ್ಟಿಲು

ಕೊರೋನಾ ಮುಗಿದ ಮರುವರ್ಷ. ನಾನಾಗ ಪುಣೆಯ ಕೋಥರೂಡದಲ್ಲಿ ಒಂದು ಖಾಸಗಿ ಆಸ್ಪತ್ರೆಯ ಫಿಜಿಯೋಥೆರಪಿ ವಿಭಾಗದ ಮುಖ್ಯಸ್ಥೆ. ಆ ವರ್ಷವೇ ನಮ್ಮಲ್ಲಿಗೆ ಶಾಕ್‌ವೇವ್ ಯಂತ್ರ ಬಂದಿತ್ತು. ಹೆಸರು ಕೇಳಿದವರೆಲ್ಲ ಕರೆಂಟ್ ಹೊಡೆಸುತ್ತಾರೆಂದು ಹೆದರುತ್ತಿದ್ದರು. ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ ಮಾರಾಯರೆ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಯಂತ್ರದ ಹಿಡಿಕೆಯ ತುದಿಯನ್ನು ನೋವಿನ ಜಾಗಕ್ಕೆ ಒತ್ತಿ ಹಿಡಿದರೆ ಅದು ಟಕಟಕ ಸದ್ದು ಮಾಡುತ್ತ ಒತ್ತಡದ ಅಲೆಗಳನ್ನು ಒಳಗೆ ಕಳಿಸುತ್ತದೆ. ಮಾಯದೆ ಹಾಗೇ ಉಳಿದುಬಿಟ್ಟ ಹಳೆಯ ಗಾಯವನ್ನು ಕೆಣಕಿ, ದೇಹವೇ ಮತ್ತೆ ಅದರ ರಿಪೇರಿಗೆ ಕೈಹಾಕುವಂತೆ ಮಾಡುವುದು ಇದರ ಉದ್ದೇಶ. ಎಲ್ಲರಿಗೂ ಫಲ ಸಿಗುವುದಿಲ್ಲ, ಸಿಕ್ಕರೂ ನಿಧಾನ.

ನೀಲಕ್ಕ ಧಾರವಾಡದ ಕಡೆಯವರು. ಗಂಡ ತೀರಿದ ಮೇಲೆ ನಮ್ಮ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ಎರಡು ಬಾಡಿಗೆ ಕೋಣೆ ಹಿಡಿದು ಖಾನಾವಳಿ ನಡೆಸುತ್ತಿದ್ದರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಸುತ್ತಲಿನ ಕನ್ನಡದ ಮಂದಿಗೆಲ್ಲ ಅದೇ ಊಟದ ಮನೆ. ನನ್ನ ಮಧ್ಯಾಹ್ನದ ಡಬ್ಬಿಯೂ ಅಲ್ಲಿಂದಲೇ ಬರುತ್ತಿತ್ತು. ಹಗಲೆಲ್ಲ ಗ್ಯಾಸ್ ಕಟ್ಟೆಯ ಮುಂದೆ ಬರಿಗಾಲಲ್ಲಿ ನಿಂತು ರೊಟ್ಟಿ ಬಡಿಯುವ ಹೆಂಗಸು ಅವರು.

ಒಂದು ದಿನ ಡಬ್ಬಿ ತಂದ ನೀಲಕ್ಕ ಬಾಗಿಲ ಚೌಕಟ್ಟು ಹಿಡಿದೇ ನಿಂತುಬಿಟ್ಟರು. "ಮುಂಜಾನೆ ಎದ್ದು ಕಾಲು ಊರಿದ್ರ ಜೀವಾನೇ ಹೋಗ್ತದ್ರಿ ಬಾಯಾರ. ಹಿಂಬಡದಾಗ ಮೊಳಿ ಬಡದಂಗ ಆಗ್ತದ. ಹಿಂಗ ಆದ್ರ ಖಾನಾವಳಿ ಮುಚ್ಚೋದೇ ಗತಿ."

ಪರೀಕ್ಷೆ ಮಾಡಿದೆ. ಹಿಮ್ಮಡಿಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇರುತ್ತದೆ. ಅದಕ್ಕೆ ಪ್ಲಾಂಟರ್ ಫೇಶಿಯಾ ಅನ್ನುತ್ತೇವೆ. ಅದು ಹಿಮ್ಮಡಿ ಮೂಳೆಗೆ ಅಂಟಿಕೊಂಡ ಕಡೆಯೇ ಸವೆದು ದಪ್ಪಗಟ್ಟಿತ್ತು. ಸಾಲದ್ದಕ್ಕೆ ಅವರು ಬೇರೆ ಬೇರೆ ಡಾಕ್ಟರ ಹತ್ತಿರ ಹೋಗಿ ಹಿಮ್ಮಡಿಗೆ ಹಲವು ಸಲ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದರು. ಅದು ನೋವನ್ನು ಬೇಗ ಇಳಿಸುತ್ತದೆ, ಆದರೆ ಮೇಲಿಂದ ಮೇಲೆ ಚುಚ್ಚಿದರೆ ಆ ಪಟ್ಟಿಯನ್ನೇ ದುರ್ಬಲ ಮಾಡುತ್ತದೆ. ಶಾಕ್‌ವೇವ್ ಕೊಡೋಣ ಎಂದೆ. ಒಂದು ಕಟ್ಟಪ್ಪಣೆ ಹಾಕಿದೆ: ನಾನು ಹೇಳುವವರೆಗೆ ಬರಿಗಾಲಲ್ಲಿ ಒಂದು ಹೆಜ್ಜೆಯೂ ಇಡಕೂಡದು, ಅಡುಗೆಮನೆಯಲ್ಲೂ.

"ಅಡಿಗೀ ಮನ್ಯಾಗ ಚಪ್ಪಲ್ರೀ?" ನೀಲಕ್ಕ ಕೆನ್ನೆ ಬಡಿದುಕೊಂಡರು. "ಮಂದಿ ನನ್ನ ಕೈಯಾಗಿನ ಅನ್ನ ಉಣ್ಣಬೇಕೋ ಬ್ಯಾಡೋ?"

ನನಗೆ ಸಿಟ್ಟು ಬಂತು. "ಕಾಲು ಹ್ವಾದ್ರ ನಿಮಗ್ಯಾರು ಉಣ್ಣಸ್ತಾರ ಹೇಳ್ರಿ ನೋಡೋಣು!"

ಮೂರು ದಿನ ಹಟ ಹಿಡಿದು, ಕೊನೆಗೆ ಹೊಸ ಮೆತ್ತನೆಯ ರಬ್ಬರ್ ಚಪ್ಪಲಿ ತಂದು, ಅರಿಶಿನ ನೀರಲ್ಲಿ ತೊಳೆದು ಅಡುಗೆಮನೆಗೆಂದೇ ಇಟ್ಟರು. ದೊಡ್ಡ ಲಡಾಯಿ ಗೆದ್ದೆ ಎಂದುಕೊಂಡೆ.

ವಾರಕ್ಕೊಮ್ಮೆ ಚಿಕಿತ್ಸೆ ನಡೆಯಿತು. ಯಂತ್ರ ಟಕಟಕ ಎನ್ನುವಾಗ ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗಿರುತ್ತಿದ್ದರು. ಕೊನೆಯ ಸಲ ಬಂದಾಗ ಮುಖವೇ ಬೇರೆಯಾಗಿತ್ತು.

"ಬಾಯಾರ, ಇವತ್ತು ಹಾಸಿಗೀಂದ ಎದ್ದು ಹಂಗ ನಡದ ಬಿಟ್ಟೆ. ಬಚ್ಚಲದಾಗ ನಿಂತ ಮ್ಯಾಲ ನೆನಪಾತು, ನನಗ ಹಿಂಬಡದ ನೋವು ಇತ್ತು ಅಂತ."

ಅವರು ಅತ್ತರು. ಆದರೂ ಬಿಡದೆ ಹೇಳಿದೆ: ನೋವು ಇಳಿಯುವುದು ಬೇರೆ, ಗಾಯ ಮಾಯುವುದು ಬೇರೆ, ಪಟ್ಟಿಗೆ ಶಕ್ತಿ ಬರಲು ಇನ್ನೂ ಕೆಲವು ತಿಂಗಳು ಬೇಕು. "ಹೂಂರಿ, ಹೂಂರಿ" ಎಂದು ನನ್ನ ಕೈ ಕಣ್ಣಿಗೊತ್ತಿಕೊಂಡು ಹೋದರು.

ಮುಂದಿನ ಸೋಮವಾರ ಡಬ್ಬಿ ಬರಲಿಲ್ಲ. ಮಂಗಳವಾರವೂ ಇಲ್ಲ. ಡ್ಯೂಟಿ ಮುಗಿಸಿ ನಾನೇ ಹೋದೆ. ಒಲೆ ಆರಿತ್ತು. ನೀಲಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಅಂಗಾಲು ಊದಿ, ನಡುವೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಹಿಮ್ಮಡಿಯ ಬಿರುಕುಗಳಲ್ಲಿ ಭಂಡಾರದ ಅರಿಶಿನ ಹಾಗೇ ಉಳಿದಿತ್ತು.

"ಎಲ್ಲಿಗೆ ಹೋಗಿದ್ರಿ?"

"ಜೇಜುರಿಗ್ರಿ."

ಜೇಜುರಿಯ ಗುಡ್ಡದ ಮೇಲಿರುವ, ಮರಾಠಿಯವರ ಖಂಡೋಬಾ ನಮ್ಮ ಮಂದಿಗೆ ಮೈಲಾರಲಿಂಗ. ನೋವು ಹೋದರೆ ಬರಿಗಾಲಲ್ಲಿ ಗುಡ್ಡ ಹತ್ತಿ ಬರುತ್ತೇನೆಂದು ನೀಲಕ್ಕ ಮೊದಲನೆಯ ಚಿಕಿತ್ಸೆಯ ದಿನವೇ ಹರಕೆ ಹೊತ್ತಿದ್ದರಂತೆ. ಭಾನುವಾರ ಖಾನಾವಳಿಗೆ ರಜೆ ಹಾಕಿ ಹೋಗಿದ್ದಾರೆ. ಬಿಸಿಲಿಗೆ ಕಾದ ಕಲ್ಲು ಮೆಟ್ಟಿಲುಗಳನ್ನೆಲ್ಲ ಹತ್ತಿ, ಭಂಡಾರ ತೂರಿ, ಇಳಿಯುವಾಗ ಅಂಗಾಲಲ್ಲಿ ಏನೋ ಫಟ್ಟೆಂದು ಹರಿದಿದೆ.

"ಬರಿಗಾಲಿಲೆ ನಡೀಬ್ಯಾಡ್ರಿ ಅಂತ ಬಡಕೊಂಡಿದ್ದಿಲ್ಲೇನು ನಾನು!" ಕೂಗಿಯೇಬಿಟ್ಟೆ.

"ಅದು ಕೆಲಸಕ್ಕ ಅಂದಿದ್ರಲ್ರಿ. ದೇವರ ಹಂತ್ಯಾಕ ಹೋಗೋದು ಕೆಲಸ ಹೆಂಗ ಆಗ್ತದ್ರಿ?" ಎಂದು ತಲೆ ತಗ್ಗಿಸಿದರು. "ಅವ ಗುಣಾ ಮಾಡ್ಯಾನ. ನಾ ತಡಾ ಮಾಡಿದ್ರ ನೋವು ಹೊಳ್ಳಿ ಕೊಟ್ಟಾನು ಅಂತ ಹೆದರಿ ಲಗೂನ ಹ್ವಾದೆ."

ಕೂಗಿದ್ದಕ್ಕೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಯಾರ ಮೇಲೆ ಅದನ್ನು ಹಾಕಬೇಕೋ ತಿಳಿಯಲೂ ಇಲ್ಲ. ಎಂಆರ್‌ಐ ಮಾಡಿಸಿದೆವು. ಪಟ್ಟಿ ಬಹುಪಾಲು ಹರಿದಿತ್ತು. ಎಲುಬಿನ ಡಾಕ್ಟರು ಕಾಲಿಗೆ ಗಟ್ಟಿ ಬೂಟು ಹಾಕಿ, ಆ ಕಾಲಿನ ಮೇಲೆ ಭಾರ ಹಾಕಬೇಡಿರಿ ಎಂದರು.

"ಮತ್ತೊಮ್ಮೆ ಆ ಮಷೀನ್ ಹಚ್ರಿ ಬಾಯಾರ," ನೀಲಕ್ಕ ನನ್ನ ಕೈ ಬಿಡಲಿಲ್ಲ. "ಈ ಸಲ ಜೋರ್ ಇಡ್ರಿ. ನಾ ಒದರಂಗಿಲ್ಲ."

ಹಸಿಯಾಗಿ ಹರಿದದ್ದರ ಮೇಲೆ ಆ ಯಂತ್ರ ಇಡುವಂತಿಲ್ಲ. ಹಾಗೆಂದು ಹೇಳಿದೆ. ಆಗ ಅವರು ನನ್ನ ಕೈ ಬಿಟ್ಟರು.

ಖಾನಾವಳಿಯ ಗಿರಾಕಿಗಳು ಒಳ್ಳೆಯವರು. ಮೊದಮೊದಲು ಹಣ್ಣು ಹಿಡಿದು ನೋಡಲು ಬಂದರು. ಆಮೇಲೆ ಒಬ್ಬೊಬ್ಬರೇ ಬೇರೆ ಮೆಸ್ಸು ಹುಡುಕಿಕೊಂಡರು. ನಾನೂ ಹುಡುಕಿಕೊಂಡೆ, ಹೊಟ್ಟೆ ಕೇಳಬೇಕಲ್ಲ. ಬೂಟು ತೆಗೆದ ಮೇಲೂ ನೀಲಕ್ಕನ ಕಾಲು ಮೊದಲಿನಂತಾಗಲಿಲ್ಲ. ಅಂಗಾಲಿನ ಕಮಾನು ಕುಸಿದಿತ್ತು. ಸ್ವಲ್ಪ ಹೊತ್ತು ನಿಂತರೆ ಬಾವು ಬರುತ್ತಿತ್ತು. ನನಗೆ ಗೊತ್ತಿದ್ದ ವ್ಯಾಯಾಮವನ್ನೆಲ್ಲ ಮಾಡಿಸಿದೆ. ಒಂದು ದಿನ ಅವರೇ, "ಸಾಕ್ ಬಿಡ್ರಿ" ಎಂದರು.

ಹುಬ್ಬಳ್ಳಿಯ ತಮ್ಮನ ಮನೆಗೆ ಹೊರಟ ದಿನ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಆರಾಮವಾಗಿರಿ, ತಮ್ಮನವರು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಏನೋ ಒಂದು ಹೇಳಿದೆ.

"ಹೌದ್ರಿ," ಎಂದರು. "ಕುಂತಲ್ಲೇ ತಾಟು ತಂದು ಕೊಡ್ತಾರಂತ." ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಈಗ ಶಾಕ್‌ವೇವಿಗೆ ಬಂದವರನ್ನೆಲ್ಲ ಮೊದಲ ದಿನವೇ ಕೇಳುತ್ತೇನೆ: ನೋವು ಹೋದ ದಿನ ಏನು ಮಾಡಬೇಕೆಂದು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಿ? ಹರಕೆ ಇದ್ದರೆ ಹೇಳಿರಿ, ದೇವರ ಹತ್ತಿರ ಸ್ವಲ್ಪ ವಾಯಿದೆ ಕೇಳಿಕೊಳ್ಳೋಣ. ಕೆಲವರು ನಗುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಸುಮ್ಮನಾದವರೆದುರು ಕುರ್ಚಿ ಎಳೆದುಕೊಂಡು ಕೂರುತ್ತೇನೆ, ಅವರು ಬಾಯಿ ಬಿಡುವವರೆಗೆ ಯಂತ್ರ ಮುಟ್ಟುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಮತ್ತು ಅದಕ್ಕೆ ಬೆಲೆ ತೆತ್ತದ್ದು ನೀಲಕ್ಕನ ಕಾಲು.