ಉಪ್ಪಿನ ಶಾಖ ಕೊಟ್ಟ ಕೈ

ಸುಧಾ ಅವರೇ, ನಿಮ್ಮ ತೇಜಸ್‌ನ ತೋಳು ನೋಯುತ್ತಿದೆ ಎಂದು ಕೋಚ್‌ಗೆ ಹೇಳಿದ್ದು ನನ್ನ ಮಗ ನಿಖಿಲ್ ಅಲ್ಲ. ನಾನು.

ಇದೊಂದು ಸಾಲನ್ನು ಇಷ್ಟು ವರ್ಷ ನಿಮಗೆ ಹೇಳದೆ ಉಳಿಸಿಕೊಂಡಿದ್ದೆ. ನಾವು ನಮ್ಮೂರು ಪ್ಲಿಮತ್‌ನಿಂದ ಷಿಕಾಗೋ ಹತ್ತಿರದ ಅರೋರಾದ ದೇವಸ್ಥಾನಕ್ಕೆ ಬಂದಾಗಲೆಲ್ಲ ನೀವು ನನ್ನ ಕೈ ಹಿಡಿದು, "ನಿಮ್ಮ ಉಪಕಾರ ಮರೆಯಕ್ಕಾಗಲ್ಲ ವಸಂತಾ" ಎನ್ನುತ್ತಿದ್ದಿರಿ. ನಿಖಿಲ್ ಜೊತೆಗಿದ್ದರೆ ಮಾತ್ರ ನಿಮ್ಮ ಮುಖ ಬಿಗಿಯುತ್ತಿತ್ತು. ಅವನ ನಮಸ್ಕಾರಕ್ಕೆ ಸುಮ್ಮನೆ ತಲೆಯಾಡಿಸಿ ಪ್ರಸಾದದ ಸಾಲಿನ ಕಡೆ ನಡೆದುಬಿಡುತ್ತಿದ್ದಿರಿ. ಅದನ್ನೂ ನಾನು ನೋಡುತ್ತ ನಿಂತಿರುತ್ತಿದ್ದೆ.

ನಮ್ಮ ಕಡೆಯ ಬೇಸಿಗೆ ಬೇಸ್‌ಬಾಲ್ ಲೀಗ್ ನಿಮಗೆ ಗೊತ್ತಿರುವುದೇ. ಕಾಲೇಜಿಗೆ ರಜೆ ಬಂದರೆ ಬೇರೆ ಬೇರೆ ಊರಿನ ಆಟಗಾರರು ಬರುತ್ತಾರೆ, ಕಾಲೇಜಿನ ಲೋಹದ ಬ್ಯಾಟ್ ಬಿಟ್ಟು ಮರದ ಬ್ಯಾಟ್ ಹಿಡಿಯುತ್ತಾರೆ, ಊರಿನ ಮನೆಗಳಲ್ಲಿ ಉಂಡು ಮಲಗುತ್ತಾರೆ. ಲೀಗ್ ಶುರುವಾದ ಹೊಸದರಲ್ಲಿ ಹೈಸ್ಕೂಲ್ ಮೈದಾನ, ಮನೆಯಿಂದ ತಂದ ಮಡಿಸುವ ಕುರ್ಚಿ, ಅಷ್ಟೇ. ನಿಮ್ಮೂರು ಬೋಲಿಂಗ್‌ಬ್ರೂಕ್‌ನಿಂದ ನಿಮ್ಮ ಮಗ ನಮ್ಮ ತಂಡಕ್ಕೆ ಬರುತ್ತಾನೆಂದು ಗೊತ್ತಾದಾಗ ಅವನನ್ನು ನಮ್ಮ ಮನೆಗೇ ಕಳಿಸಿ ಎಂದವಳು ನಾನೇ. "ನಮ್ಮೋರ ಮನೆ ಸಿಕ್ತಲ್ಲ, ಇನ್ನು ನಂಗೆ ಚಿಂತೆ ಇಲ್ಲ" ಎಂದು ನೀವು ಫೋನಿನಲ್ಲಿ ನಕ್ಕಿದ್ದು ಈಗಲೂ ಕಿವಿಯಲ್ಲಿದೆ.

ಇಬ್ಬರೂ ಪಿಚರ್‌ಗಳು, ಚೆಂಡು ಎಸೆಯುವವರು. ಇಬ್ಬರಿಗೂ ಒಂದೇ ಕೋಣೆ, ಒಂದೇ ಕಾರು, ಒಂದೇ ಬಟ್ಟಲಿನಲ್ಲಿ ಮೊಸರನ್ನ. ಆದರೆ ತೇಜಸ್ ಎಸೆದರೆ ಜನ ಮಾತು ನಿಲ್ಲಿಸಿ ನೋಡುತ್ತಿದ್ದರು. ನಿಖಿಲ್ ಎಸೆದಾಗ ಹಾಟ್‌ಡಾಗ್ ತರಲು ಏಳುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಕಿಚ್ಚು — ಇದನ್ನು ನಾಜೂಕಾಗಿ ಹೇಳುವುದು ಬೇಡ. ಹೊಟ್ಟೆಕಿಚ್ಚೇ.

ಒಂದು ಸಂಜೆ ತೇಜಸ್ ಅಡುಗೆಮನೆಗೆ ಬಂದು ಮೊಣಕೈ ತೋರಿಸಿದ. ತಂಡದಲ್ಲಿ ಗಾಯ ನೋಡಿಕೊಳ್ಳುವವನಿದ್ದ, ಆದರೆ ಅವನಿಗೆ ಹೇಳಿದರೆ ಆಟದಿಂದ ಕೂರಿಸುತ್ತಾನೆಂಬ ಭಯ. ಆಂಟಿಗೆ ಹೇಳಿದರೆ ಹೇಳಿದ ಹಾಗಲ್ಲವಲ್ಲ! ಅಂದಿನಿಂದ ನಾನು ಹರಳೆಣ್ಣೆ ಸವರಿ, ಕಲ್ಲುಪ್ಪನ್ನು ಕಾವಲಿಯ ಮೇಲೆ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಿದ್ದೆ. ನಿಖಿಲ್ ಪಕ್ಕದಲ್ಲಿ ಕೂತು ಗೇಲಿ ಮಾಡುತ್ತಿದ್ದ. "ಆಂಟಿ, ಪ್ಲೀಸ್, ಯಾರಿಗೂ ಹೇಳ್ಬೇಡಿ" ಎಂದು ತೇಜಸ್ ತನ್ನ ತೊದಲು ಕನ್ನಡದಲ್ಲಿ ಕೇಳಿದ. ಇಲ್ಲ ಕಣೋ ಎಂದೆ. ನಿಜವಾಗಿಯೂ ಹೇಳುವ ಉದ್ದೇಶ ಇರಲಿಲ್ಲ — ಆಗ.

ಆಮೇಲೆ ಫೈನಲ್ ಬಂತು. ಹೊಸ ಆಟಗಾರರನ್ನು ಹುಡುಕುವ, ದೊಡ್ಡ ತಂಡಗಳ ಸ್ಕೌಟ್‌ಗಳು ಬರುತ್ತಾರೆ ಎಂಬ ಸುದ್ದಿ. ಮೊದಲ ಚೆಂಡು ತೇಜಸ್‌ನದು ಎಂದು ಕೋಚ್ ಹೇಳಿದ ಮಧ್ಯಾಹ್ನ ನಾನು ಆಟಗಾರರಿಗೆ ಊಟದ ಟ್ರೇ ಕೊಡಲು ಹೋಗಿದ್ದೆ. ನಿಖಿಲ್ ಅವನ ಬೆನ್ನು ತಟ್ಟಿ ನಗುತ್ತಿದ್ದ. ಆ ನಗು ನೋಡಿ ನನಗೆ ಸಂಕಟವಾಯಿತು, ಯಾಕೋ ಸಿಟ್ಟೂ ಬಂತು. ಕೋಚ್ ಒಬ್ಬನೇ ಸಿಕ್ಕಿದ. ಇಂಗ್ಲಿಷಿನಲ್ಲಿ, ತುಂಬಾ ಕಾಳಜಿಯ ದನಿಯಲ್ಲಿ ಹೇಳಿದೆ: "ಅವನ ಮೊಣಕೈ ನೋಯುತ್ತಿದೆ. ನಾನೂ ಒಬ್ಬ ತಾಯಿ, ನೋಡಿಕೊಂಡು ಸುಮ್ಮನಿರಲಾರೆ. ನಾನು ಹೇಳಿದೆ ಅಂತ ಹೇಳಬೇಡಿ." ಕೋಚ್ ನನ್ನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದ.

ಹೇಳಿದ್ದು ಸುಳ್ಳಲ್ಲ. ಅದೇ ನನ್ನ ಅಡಗುತಾಣವಾಗಿತ್ತು. ಆದರೆ ಕಾಳಜಿಯೇ ಆಗಿದ್ದರೆ ಮೊದಲ ದಿನವೇ ಹೇಳುತ್ತಿದ್ದೆ, ನಿಮಗೆ ಫೋನ್ ಮಾಡುತ್ತಿದ್ದೆ. ವಾರಗಟ್ಟಲೆ ಉಪ್ಪಿನ ಗಂಟು ಒತ್ತಿಕೊಂಡು ಕೂತವಳು ಆ ಮಧ್ಯಾಹ್ನವೇ ಯಾಕೆ ಬಾಯಿ ಬಿಟ್ಟೆ? ಡಾಕ್ಟರ್ ಆಮೇಲೆ ಗಾಬರಿಪಡುವಂಥದ್ದೇನಿಲ್ಲ, ಸ್ವಲ್ಪ ವಿಶ್ರಾಂತಿ ಸಾಕು ಎಂದರು. ಅಷ್ಟರಲ್ಲಿ ಫೈನಲ್ ಮುಗಿದಿತ್ತು. ಸ್ಕೌಟ್‌ಗಳು ಬಂದರು, ತೇಜಸ್ ಬೆಂಚಿನ ಮೇಲೆ ಕೂತಿದ್ದ, ನಿಖಿಲ್ ಎಸೆದು ಗೆಲ್ಲಿಸಿದ. ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ.

ಮರುದಿನ ಬೆಳಿಗ್ಗೆ ನಮ್ಮ ಡ್ರೈವ್‌ವೇನಲ್ಲಿ ತೇಜಸ್ ಬ್ಯಾಗು ಕಾರಿಗೆ ಹಾಕುತ್ತ ನಿಖಿಲ್‌ನನ್ನು ಕೇಳಿದ: "ಯೂ ಟೋಲ್ಡ್ ಹಿಮ್, ರೈಟ್?" ನೋವಿನ ವಿಷಯ ಗೊತ್ತಿದ್ದವರು ಮನೆಯಲ್ಲಿ ನಾನು, ನಿಖಿಲ್ ಇಬ್ಬರೇ, ನನ್ನ ಮೇಲೆ ಅವನಿಗೆ ಅನುಮಾನವೇ ಇಲ್ಲ. ನಿಖಿಲ್ ಇಲ್ಲವೆಂದ. ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ತೇಜಸ್‌ನ ಇನ್ನೊಂದು ಬ್ಯಾಗು ಎತ್ತಿ ಕಾರಿಗಿಟ್ಟ. ತೇಜಸ್ ನನ್ನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿ, "ನೀವೊಬ್ರೇ ಆಂಟಿ, ನನ್ನ ಸೈಡ್ ಇದ್ದಿದ್ದು" ಎಂದ. ಚೆನ್ನಾಗಿರಪ್ಪ ಎಂದು ಅವನ ತಲೆ ಮುಟ್ಟಿದೆ. ಬಾಯಿ ತೆರೆಯಲು ಅಷ್ಟು ಹೊತ್ತು ಸಿಕ್ಕಿತ್ತು, ತೆರೆಯಲಿಲ್ಲ.

ಮುಂದಿನ ವರ್ಷ ನಿಖಿಲ್ ಆಟ ಬಿಟ್ಟ. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಕೊಟ್ಟಾನೋ ಎಂದು…

ಈಗ ಲೀಗ್‌ನವರು ತಮ್ಮ ಇತಿಹಾಸ ಬರೆಸುತ್ತಿದ್ದಾರೆ. ಆಟಗಾರರಿಗೆ ಮನೆ ಕೊಟ್ಟವರಿಂದ ಹಳೆಯ ಫೋಟೋ ಕೇಳುತ್ತಿದ್ದಾರೆ. ನಮ್ಮ ವರ್ಷದ ಕರಡು ನನಗೂ ಕಳಿಸಿದರು: ಕೊನೆಗಳಿಗೆಯಲ್ಲಿ ಅವಕಾಶ ಸಿಕ್ಕ ಊರ ಹುಡುಗ ನಿಖಿಲ್ ಫೈನಲ್ ಗೆಲ್ಲಿಸಿದ, ಎಂದು. ತೇಜಸ್‌ನ ಹೆಸರೇ ಇಲ್ಲ. ನಾನು ನಿಜಕ್ಕೂ ಹಿಗ್ಗಿದೆ, ನಾಚಿಕೆಯಿಲ್ಲದೆ. ಷಿಕಾಗೋದಲ್ಲಿರುವ ನಿಖಿಲ್‌ಗೆ ಫೋನ್ ಮಾಡಿ ಕಪ್ ಹಿಡಿದ ಫೋಟೋ ಕಳಿಸು ಎಂದೆ.

"ಬೇಡ ಅಮ್ಮ" ಎಂದ. ಆಮೇಲೆ, "ಕೋಚ್‌ಗೆ ಹೇಳಿದ್ದು ನೀನೇ ಅಂತ ನಂಗೆ ಅವತ್ತೇ ಗೊತ್ತಾಯ್ತು" ಎಂದ.

"ಮತ್ತೆ ಯಾಕೋ ಸುಮ್ನಿದ್ದೆ?"

"ನೀನೇ ಹೇಳ್ತೀಯ ಅಂತ ಕಾಯ್ತಾ ಇದ್ದೆ."

ನಾನು ಮೋಸ ಮಾಡಿದ್ದು ಪರರ ಮಗನಿಗೆ ಎಂದುಕೊಂಡಿದ್ದೆ. ನನ್ನ ಮಗ ತನ್ನ ಪ್ರಾಣಸ್ನೇಹಿತನನ್ನು ಕಳೆದುಕೊಂಡು, ದ್ರೋಹಿ ಎನಿಸಿಕೊಂಡು, ನನ್ನ ಮಾನ ಕಾಪಾಡುತ್ತ ಇಷ್ಟು ವರ್ಷ ಕಾದಿದ್ದಾನೆ. ನನಗೆ ಅದು ಕಾಣಲಿಲ್ಲ ಎನ್ನಲಾರೆ. ಕಂಡಿತ್ತು.

ಲೀಗ್‌ನವರಿಗೆ ತೇಜಸ್ ಯಾಕೆ ಆಡಲಿಲ್ಲ ಎಂಬುದನ್ನು ನನ್ನ ಹೆಸರು ಸಮೇತ ಬರೆದು ಕಳಿಸಿದ್ದೇನೆ. ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು. ನಿಮಗಿದನ್ನು ಕನ್ನಡದಲ್ಲಿ ಬರೆದೆ, ಸುಧಾ ಅವರೇ. ಅದರಲ್ಲೂ ಸ್ವಲ್ಪ ಹೇಡಿತನವಿದೆ, ತೇಜಸ್‌ಗೆ ಕನ್ನಡ ಓದಲು ಬರುವುದಿಲ್ಲವಲ್ಲ. ಆದ್ದರಿಂದ ಇದು ನಿಮ್ಮ ಕೈ ಸೇರುವ ಮೊದಲೇ ಅವನಿಗೆ ಫೋನ್ ಮಾಡುತ್ತೇನೆ. ಅಂದು ಕೋಚ್‌ಗೆ ಹೇಳಿದ್ದು ಇಂಗ್ಲಿಷಿನಲ್ಲಿ. ಇದನ್ನೂ ಇಂಗ್ಲಿಷಿನಲ್ಲೇ ಹೇಳುತ್ತೇನೆ, ಈ ಸಲ ನನ್ನ ಹೆಸರು ಮೊದಲು ಹೇಳಿ.