ಮರ್ಯಾದೆ ಹೆಚ್ಚಾದ ಕುತ್ತಿಗೆ

ತಲೆ ತಗ್ಗಿಸಿ ನಡೆಯುವ ಸೊಸೆಯರು ಹಿರೇಹಂದಿಗೋಳದಲ್ಲಿ ಈಗ ಉಳಿದಿಲ್ಲ ಎಂದು ವಿರೂಪಾಕ್ಷಪ್ಪನವರು ಕಟ್ಟೆಯ ಮೇಲೆ ಕುಳಿತಾಗಲೆಲ್ಲ ಹೇಳುತ್ತಿದ್ದರು. ಹೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೊಬ್ಬರು ‘ನಿಮ್ಮ ಮನಿ ಮಾತು ಬ್ಯಾರೆ ಬಿಡ್ರಿ’ ಎನ್ನಬೇಕೆಂಬುದು ಕಟ್ಟೆಯ ಕಾಯಂ ಸದಸ್ಯರಿಗೆಲ್ಲ ಗೊತ್ತಿತ್ತು. ಅಂದವರಿಗೆ ಚಹಾ ಬರುತ್ತಿತ್ತು.

ಅವರ ಹಿರಿಯ ಸೊಸೆ ಉಡಚವ್ವ ನಿಜಕ್ಕೂ ತಲೆ ಎತ್ತುತ್ತಿರಲಿಲ್ಲ. ಎತ್ತಲು ಬರುತ್ತಿರಲಿಲ್ಲ.

ಉಡಚವ್ವನ ಕಸುಬು ಕಡಕ್ ರೊಟ್ಟಿ. ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು; ಆದರೆ ಜೋಳದ ರೊಟ್ಟಿ ಕಡಕ್ ಆಗಬೇಕಾದರೆ ಹತ್ತಿಕಟ್ಟಿಗೆಯ ಉರಿಯೇ ಬೇಕೆಂದು ಅವಳ ಹಟ. ಎರಡು ವರ್ಷದ ಹಿಂದೆ ಒಂದು ಮುಂಜಾನೆ ಒಲೆ ಊದಲು ಬಗ್ಗಿದಾಗ ನೈಲಾನ್ ಸೀರೆಯ ಸೆರಗಿಗೆ ಕಿಡಿ ತಾಗಿತು. ನೈಲಾನ್ ಉರಿಯುವುದಷ್ಟೇ ಅಲ್ಲ, ಕರಗಿ ಮೈಗೆ ಅಂಟುತ್ತದೆ. ಅತ್ತೆ ಗದಿಗೆವ್ವ ಕೌದಿ ಸುತ್ತಿ ಬೆಂಕಿ ಆರಿಸಿ, ಕೊಡಗಟ್ಟಲೆ ತಣ್ಣೀರು ಸುರಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಆಮೇಲೆ ಓಣಿ ಬಂತು. ಬಂದವರು ಬರಿಗೈಯಲ್ಲಿ ಬರಲಿಲ್ಲ. ಒಬ್ಬಳು ಹಲ್ಲುಜ್ಜುವ ಪೇಸ್ಟು ತಂದಳು, ಇನ್ನೊಬ್ಬಳು ಸುಣ್ಣದ ತಿಳಿ, ಮಾಸ್ತರರ ಮನೆಯಿಂದ ಒಂದು ಬಾಟಲಿ ನೀಲಿ ಶಾಯಿಯೇ ಬಂತು. ಗದಗಿನ ಆಸ್ಪತ್ರೆಯವರು ಗಾಯ ನೋಡುವುದಕ್ಕೂ ಮೊದಲು ಓಣಿಯ ಪ್ರೀತಿಯನ್ನೆಲ್ಲ ತೊಳೆದು ತೆಗೆಯಬೇಕಾಯಿತು.

ಜೀವಕ್ಕೇನೂ ಆಗಲಿಲ್ಲ. ಗದ್ದದ ಕೆಳಗಿಂದ ಎದೆಯ ಮೇಲ್ಭಾಗದವರೆಗೆ ಸುಟ್ಟಿದ್ದು ನಿಧಾನವಾಗಿ ಒಣಗಿತು. ಮನೆಗೆ ಕಳಿಸುವಾಗ ನರ್ಸಮ್ಮ ಗಡಿಬಿಡಿಯಲ್ಲಿ ಹತ್ತು ಮಾತು ಹೇಳಿದ್ದಳು. ಅದರಲ್ಲಿ ತಲೆಗೆ ದಿಂಬು ಕೊಡಬೇಡಿ ಎಂಬುದೂ ಒಂದಾಗಿತ್ತು. ಆದರೆ ಸುಟ್ಟುಕೊಂಡು ಬಂದ ಸೊಸೆಯನ್ನು ದಿಂಬಿಲ್ಲದೆ ಮಲಗಿಸಲು ಗದಿಗೆವ್ವ ಏನು ಕಟುಕಳೇ? ಹೊಸ ಹತ್ತಿ ತುಂಬಿಸಿ ಎತ್ತರದ ದಿಂಬೊಂದನ್ನು ತಾನೇ ಹೊಲಿದಳು. ಕುತ್ತಿಗೆ ಬಗ್ಗಿಸಿಕೊಂಡರೆ ಉರಿ ಕಡಿಮೆ ಎನಿಸುತ್ತಿತ್ತು. ಉಡಚವ್ವ ಹಾಗೆಯೇ ಮಲಗಿದಳು. ಗಾಯ ಒಣಗುತ್ತ ಒಣಗುತ್ತ ಚರ್ಮ ಸೇದಿಕೊಂಡಿತು. ದೀಪಾವಳಿಯ ಹೊತ್ತಿಗೆ ಗದ್ದ ಎದೆಯ ಹತ್ತಿರಕ್ಕೆ ಬಂದಿತ್ತು, ಕೆಳತುಟಿ ಕೆಳಕ್ಕೆ ಜಗ್ಗಿತ್ತು.

ಕೈ ಸೊಟ್ಟಗಾಗಿದ್ದರೆ ಯಾರಾದರೂ ಡಾಕ್ಟರ ಹತ್ತಿರ ಓಡುತ್ತಿದ್ದರು. ಕಾಲು ಕುಂಟಿದ್ದರೆ ಊರೆಲ್ಲ ಸಲಹೆ ಕೊಡುತ್ತಿತ್ತು. ಆದರೆ ಸೊಸೆಯೊಬ್ಬಳ ತಲೆ ತಗ್ಗಿದರೆ ಅದನ್ನು ರೋಗವೆಂದು ಗುರುತಿಸುವ ಕಣ್ಣು ಆ ಮನೆಯಲ್ಲಿರಲಿಲ್ಲ. ಅಷ್ಟು ದೊಡ್ಡ ಪೆಟ್ಟು ತಿಂದ ಮೇಲೂ ಮರ್ಯಾದೆ ಬಿಟ್ಟಿಲ್ಲ ನೋಡಿ ಎಂದು ವಿರೂಪಾಕ್ಷಪ್ಪನವರು ಬಂದವರಿಗೆಲ್ಲ ತೋರಿಸಿದರು. ಊರಿನ ಇತರ ಅತ್ತೆಯರು ತಂತಮ್ಮ ಸೊಸೆಯರಿಗೆ ಉಡಚವ್ವನ ಉದಾಹರಣೆ ಕೊಡತೊಡಗಿದರು.

ಉಡಚವ್ವ ಹುಟ್ಟಾ ಕುತೂಹಲದ ಹೆಂಗಸು. ಚಿಕ್ಕವಳಿದ್ದಾಗ ಅಪ್ಪನ ಛತ್ರಿ ಹೇಗೆ ಬಿಚ್ಚಿಕೊಳ್ಳುತ್ತದೆಂದು ನೋಡಲು ಹೋಗಿ ಅದು ಮತ್ತೆಂದೂ ಮುಚ್ಚಿಕೊಳ್ಳದಂತೆ ಮಾಡಿದ್ದಳು. ಈಗ ಕಣ್ಣಿಗೆ ಸಿಗುವುದು ನೆಲವಷ್ಟೇ ಆದ್ದರಿಂದ ನೆಲದ ಮೇಲಿನದನ್ನೇ ಅಭ್ಯಾಸ ಮಾಡಿದಳು. ಹಿಮ್ಮಡಿಯ ಬಿರುಕು ನೋಡಿ ಯಾರ ಹೊಲದಲ್ಲಿ ಕೆಲಸ ನಡೆದಿದೆಯೆಂದು ಹೇಳಬಲ್ಲವಳಾದಳು. ಮಾವನವರು ಸುಳ್ಳು ಹೇಳುವಾಗ ಅವರ ಬಲಗಾಲಿನ ಹೆಬ್ಬೆರಳು ತಾನಾಗಿ ಮೇಲೇಳುತ್ತದೆ ಎಂಬುದನ್ನೂ ಕಂಡುಹಿಡಿದಳು. ಯಾರಿಗೂ ಹೇಳಲಿಲ್ಲ.

ಆದರೆ ಊಟಕ್ಕೆ ಕುಳಿತರೆ ಸಾರು ತುಟಿಯಿಂದ ಸೋರುತ್ತಿತ್ತು. ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಒಮ್ಮೆ ಎದುರಿಗೆ ಬಂದ ಟ್ರ್ಯಾಕ್ಟರನ್ನು ಅದರ ಗಾಲಿ ಕಂಡ ಮೇಲೆಯೇ ಗುರುತಿಸಿದಳು. ಗಂಡ ವೀರೇಶ ಒಳ್ಳೆಯವನು. ‘ಆತು, ನೋಡೂಣಂತ’ ಎನ್ನುತ್ತಿದ್ದ. ಎರಡು ವರ್ಷದಿಂದ ಅನ್ನುತ್ತಲೇ ಇದ್ದ.

ಅವಳ ರೊಟ್ಟಿ ಹೋಗುತ್ತಿದ್ದುದು ಬೆಟಗೇರಿಯ ಶಮಶಾದಬಿಯ ಅಂಗಡಿಗೆ. ಮಿರ್ಚಿ ಭಜಿ ಕರಿಯುವ ಶಮಶಾದಬಿಯ ಬಲಗೈಗೆ ಎಂದೋ ಕಾದ ಎಣ್ಣೆ ಬಿದ್ದು, ಬೆರಳುಗಳು ಮಡಚಿ ಅಂಗೈಗೆ ಅಂಟಿದ್ದವು. ಉಡಚವ್ವನಿಗೆ ಆ ಮುಷ್ಟಿ ಚೆನ್ನಾಗಿ ಪರಿಚಯವಿತ್ತು, ಯಾಕೆಂದರೆ ಅದು ಅವಳ ತಗ್ಗಿದ ಕಣ್ಣಿಗೆ ನೇರಕ್ಕೇ ಇರುತ್ತಿತ್ತು. ಕೆಲವು ತಿಂಗಳು ಅಂಗಡಿ ಮುಚ್ಚಿ ತೆರೆದ ಮೇಲೆ ರೊಟ್ಟಿ ತೆಗೆದುಕೊಳ್ಳಲು ಮುಂದೆ ಬಂದದ್ದು ಮುಷ್ಟಿಯಲ್ಲ, ಐದು ಬೆರಳು ಬಿಡಿಸಿದ ಕೈ. ಅಂಗೈಯ ನಡುವೆ ಬೇರೆ ಬಣ್ಣದ ಚರ್ಮ.

“ಇದು ನನ್ ತೊಡಿ ನೋಡವಾ,” ಎಂದಳು ಶಮಶಾದಬಿ. “ತೊಡಿ ಚರ್ಮ ತಗದು ಅಂಗೈಗೆ ಕುಂಡ್ರಿಸ್ಯಾರ.”

ಉಡಚವ್ವ ಆ ಕೈಯನ್ನು ಹಿಡಿದು, ತಿರುವಿ, ಒತ್ತಿ ನೋಡಿದಳು. ರೊಟ್ಟಿಯ ಗಂಟು ಪಕ್ಕಕ್ಕೆ ಉಳಿಯಿತು.

“ಇಲ್ಲಿ ಸೊಳ್ಳಿ ಕಡದ್ರ ತುರಿಕಿ ಎಲ್ಲಿ ಬರತೈತಿ? ಇಲ್ಲೋ, ತೊಡಿಗೋ?”

ಶಮಶಾದಬಿ ಯೋಚನೆಗೆ ಬಿದ್ದಳು. “ಖರೆ ಹೇಳಲಾ? ಬಿಸಿ ಬಾಣಲಿ ಮುಂದ ಸೊಳ್ಳಿ ಬರೂದ ಇಲ್ಲ.” ಆಮೇಲೆ ದನಿ ತಗ್ಗಿಸಿ ಸೇರಿಸಿದಳು, “ನಿಂದೂ ನನ್ನಂಗ ಐತಿ. ನೀನೂ ಒಮ್ಮೆ ತೋರಸು.”

ಉಡಚವ್ವನ ತಲೆಯೊಳಗೆ ಒಂದು ಹುಳ ಹೊಕ್ಕಂತಾಯಿತು. ತನ್ನದು ಸ್ವಭಾವವಲ್ಲ, ಚರ್ಮ. ಚರ್ಮವಾದರೆ ಬಿಡಿಸಲು ಬರುತ್ತದೆ.

ಶಮಶಾದಬಿಯ ಕೈ ಬಿಡಿಸಿದ ಡಾಕ್ಟರರನ್ನು ಕಾಣಬೇಕೆಂದು ಅವಳು ಹಟ ಹಿಡಿದಳು; ಮನೆಯೇ ಹೊರಟಿತು. ದೊಡ್ಡವರಿಲ್ಲದೆ ಡಾಕ್ಟರರೊಡನೆ ಮಾತಾಡುವವರು ಯಾರು ಎಂದು ವಿರೂಪಾಕ್ಷಪ್ಪನವರೂ ಬಂದರು. ಅವರು ಬಂದರೆ ಬುತ್ತಿ ಬೇಕೆಂದು ಗದಿಗೆವ್ವಳೂ ಬಂದಳು. ಪ್ಲಾಸ್ಟಿಕ್ ಸರ್ಜನ್ ಡಾಕ್ಟರ್ ನಿಶಾತ ಲಕ್ಷ್ಮೇಶ್ವರದವರು. ಉಡಚವ್ವನ ಗದ್ದದ ಕೆಳಗೆ ಬೆರಳಿಟ್ಟು, ಮೇಲಿನ ಫ್ಯಾನು ನೋಡಲು ಹೇಳಿದರು. ಉಡಚವ್ವನ ಕಣ್ಣುಗುಡ್ಡೆಗಳು ಮೇಲೆ ಹೋದವು, ತಲೆ ಹೋಗಲಿಲ್ಲ.

ಸೊಸೆಯ ಸ್ವಭಾವವೇ ಹಾಗೆ, ಮರ್ಯಾದಸ್ಥ ಹೆಣ್ಣುಮಗಳು ಎಂದು ವಿರೂಪಾಕ್ಷಪ್ಪನವರು ವಿವರಿಸಿದರು.

“ಮರ್ಯಾದಿ ಅಲ್ರಿ ಯಜಮಾನ್ರ, ಇದು ಚರ್ಮ,” ಎಂದರು ಡಾಕ್ಟರ್. “ಗಾಯ ಒಣಗುವಾಗ ಜಗ್ಗಿ ಹಿಡದೈತಿ. ಬಿಡಿಸಿ, ತೊಡಿಯಿಂದ ತೆಳ್ಳಗ ಚರ್ಮ ತಗದು ಹಚ್ಚಬೇಕು.”

ವಿರೂಪಾಕ್ಷಪ್ಪನವರಿಗೆ ಪ್ಲಾಸ್ಟಿಕ್ಕಿನದೇ ಚಿಂತೆ. ಪಂಚಾಯ್ತಿ ಸದಸ್ಯರಾಗಿದ್ದಾಗ ಊರಲ್ಲಿ ಪ್ಲಾಸ್ಟಿಕ್ ಚೀಲ ಬಂದ್ ಮಾಡಿಸಿದವರು ಅವರೇ. ಈಗ ಸ್ವಂತ ಸೊಸೆಯ ಕುತ್ತಿಗೆಗೇ ಹಾಕಿಸಿದರೆ ಮಂದಿ ಏನೆಂದಾರು? ಅಂಥದ್ದೇನೂ ಹಾಕುವುದಿಲ್ಲ, ಅವಳ ಚರ್ಮ ಅವಳಿಗೇ ಎಂದು ಡಾಕ್ಟರ್ ತಿಳಿಸಿ ಹೇಳಿದ ಮೇಲೆ ಅವರು, ಹಾಗಾದರೆ ಇದೆಲ್ಲ ಯಾಕೆ ಬೇಕು, ಉಣ್ಣುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಏನು ಕಡಿಮೆಯಾಗಿದೆ ಎಂದು ಎದ್ದೇ ನಿಂತರು.

ಉಡಚವ್ವನಿಗೆ ಮಾವನ ಕಾಲು ಬಾಗಿಲ ಕಡೆ ತಿರುಗಿದ್ದು ಕಂಡಿತು. ಅವಳು ಹೋಗುವ ಕಾಲುಗಳನ್ನು ಬಿಟ್ಟು ಡಾಕ್ಟರರ ಚಪ್ಪಲಿಗೆ ತನ್ನ ಪ್ರಶ್ನೆ ಕೇಳಿದಳು. ಸೊಳ್ಳೆಯದು. ಡಾಕ್ಟರ್ ನಕ್ಕು, ಮೊದಲು ಅಲ್ಲಿ ಏನೂ ತಿಳಿಯುವುದಿಲ್ಲ, ಬರಬರುತ್ತ ಹೊಸ ಜಾಗದ ನರಗಳೇ ಅದರೊಳಗೆ ಬೆಳೆಯುತ್ತವೆ, ಆಮೇಲೆ ತುರಿಕೆ ಕುತ್ತಿಗೆಯದೇ ಎಂದರು. ಇಷ್ಟು ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ ಎಂದೂ ಹೇಳಿದರು. ಬಳಿಕ ಮಾತಿಗೆ ಮಾತು ಬಂದು, ಮನೆಯಲ್ಲಿ ದಿಂಬು ಕೊಟ್ಟಿದ್ದಿರಾ ಎಂದು ವಿಚಾರಿಸಿದರು. ಕುತ್ತಿಗೆ ಸುಟ್ಟವರಿಗೆ ದಿಂಬಿನಷ್ಟು ಕೆಟ್ಟದ್ದು ಇನ್ನೊಂದಿಲ್ಲವಂತೆ.

ಗದಿಗೆವ್ವ ಬುತ್ತಿ ಬಿಚ್ಚಲಿಲ್ಲ. ಮನೆಗೆ ಬಂದವಳೇ ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯನ್ನು ಅಂಗಳದಲ್ಲಿ ಸುರಿದಳು. ಗಂಡನ ಮುಂದೆ ನಿಂತು ಹೇಳಿದಳು:

“ಬಗ್ಗಿಸಿದಾಕಿ ನಾ. ಎತ್ತಿಸಾಕೀನೂ ನಾ. ನೀವು ಕಟ್ಟಿ ಮ್ಯಾಲೆ ಕುಂಡ್ರಿ.”

ವಿರೂಪಾಕ್ಷಪ್ಪನವರು ಕಟ್ಟೆಗೆ ಹೋದರು.

ಆಪರೇಷನ್‌ಗಿಂತ ಅರಿವಳಿಕೆಯದೇ ದೊಡ್ಡ ಕೆಲಸವಾಯಿತು. ತಲೆ ಹಿಂದಕ್ಕೆ ಬಾಗದವರಿಗೆ ಉಸಿರಿನ ನಳಿಗೆ ಇಳಿಸುವುದು ಸುಲಭವಲ್ಲ. ಉಡಚವ್ವ ಎಚ್ಚರಾದಾಗ ತಲೆ ಹಿಂದಕ್ಕೆ ಬಾಗಿತ್ತು, ಭುಜದ ಕೆಳಗೆ ಬಟ್ಟೆಯ ಸುರುಳಿಯಿತ್ತು. ಎದುರಿಗೆ ಛತ್ತು. ಎರಡು ವರ್ಷದಿಂದ ಕಾಣದ ವಸ್ತುವಾದ್ದರಿಂದ ಅದನ್ನು ಸಾವಕಾಶವಾಗಿ ನೋಡಿದಳು. ಒಂದು ಮೂಲೆಯಲ್ಲಿ ಜೇಡರ ಬಲೆ, ಫ್ಯಾನಿನ ಒಂದು ರೆಕ್ಕೆಗೆ ಉಳಿದ ಎರಡಕ್ಕಿಂತ ಹೆಚ್ಚು ಧೂಳು. ಯಾಕೆ ಹಾಗೆ ಎಂದು ನರ್ಸಮ್ಮನನ್ನು ಕೇಳಿದಳು. ನರ್ಸಮ್ಮ ಆವತ್ತೇ ಫ್ಯಾನು ಒರೆಸಿಸಿದಳು.

ಕುತ್ತಿಗೆಗಿಂತ ಚರ್ಮ ತೆಗೆದ ತೊಡೆಯೇ ಹೆಚ್ಚು ಉರಿಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರ್ ಬಗ್ಗಿ ನೋಡಿ, ಹಚ್ಚಿದ್ದು ಹಿಡಿದಿದೆ ಎಂದರು. ಜೊತೆಗೇ, ನಿಜವಾದ ಕೆಲಸ ಇನ್ನು ಶುರುವಾಗುವುದು ಎಂದೂ ಹೇಳಿದರು. ಹೊಸ ಚರ್ಮ ಮತ್ತೆ ಸೇದಿಕೊಳ್ಳಲು ಹವಣಿಸುತ್ತಿರುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಹಗಲೂ ರಾತ್ರಿ ಗದ್ದವನ್ನು ಎತ್ತಿ ಹಿಡಿಯುವ ಗಟ್ಟಿ ಕೊರಳಪಟ್ಟಿ ಹಾಕಬೇಕು, ಕೊಬ್ಬರಿ ಎಣ್ಣೆ ತಿಕ್ಕಬೇಕು, ಗದ್ದ ಮೇಲೆಯೇ ಇರಬೇಕು. ಪಕ್ಕದ ಮಂಚದಲ್ಲಿದ್ದ ಮುಂಡರಗಿ ಕಡೆಯ ಹೆಂಗಸು ಕೊರಳಪಟ್ಟಿ ಸೆಕೆಯೆಂದು ಬಿಚ್ಚಿಟ್ಟು, ಎರಡನೆಯ ಸಲ ಆಪರೇಷನ್‌ಗೆ ಬಂದಿದ್ದಳು. ಉಡಚವ್ವ ಅವಳ ಕುತ್ತಿಗೆಯನ್ನು ಬಹಳ ಹೊತ್ತು ನೋಡಿದ್ದಳು.

ಹೀಗೆ ಸೊಸೆ ಊರಿಗೆ ಮರಳಿದಳು, ಗದ್ದ ಆಕಾಶಕ್ಕೆ ಮಾಡಿಕೊಂಡು. ಮಾತಾಡಿಸಿದವರ ಮುಖವನ್ನೇ ನೋಡುತ್ತಿದ್ದಳು. ಬೇರೆ ಎಲ್ಲೂ ನೋಡುವಂತಿರಲಿಲ್ಲ. ಹಿಂದೆ ಅವಳ ಉದಾಹರಣೆ ಕೊಡುತ್ತಿದ್ದ ಅತ್ತೆಯರು ಈಗ, ಪಟ್ಟಣದ ಗಾಳಿ ಬಡಿಯಿತು ಎಂದರು. ಸೊಕ್ಕು ಡಾಕ್ಟರರೇ ಬರೆದುಕೊಟ್ಟ ಔಷಧ ಎಂದು ಅವರಿಗೆ ಹೇಳುವವರು ಯಾರು? ಕಟ್ಟೆಯ ಮೇಲೂ ಮಾತು ಕಡಿಮೆಯಾಯಿತು.

ಅಷ್ಟರಲ್ಲಿ ವೀರೇಶನ ತಮ್ಮನಿಗೆ ಶಿರಹಟ್ಟಿಯಿಂದ ಸಂಬಂಧ ಬಂತು. ಹುಡುಗಿಯ ಅಜ್ಜ ಮನೆತನ ನೋಡಲು ಬರುವವನಿದ್ದ; ಸಂಪ್ರದಾಯ ಬಲ್ಲ ಮನುಷ್ಯನೆಂದು ಹೆಸರು. ತಮ್ಮ ಮನೆಯ ಹಿರಿಯ ಸೊಸೆ ಹಿರಿಯರ ಪಾದಕ್ಕೆ ಹಣೆ ಹಚ್ಚದೆ ನೀರು ಸಹ ಕೊಡುವುದಿಲ್ಲ ಎಂದು ವಿರೂಪಾಕ್ಷಪ್ಪನವರು ಆತನಿಗೆ ಹಿಂದೆಯೇ ಹೇಳಿಬಿಟ್ಟಿದ್ದರು. ಅಜ್ಜ ಬರುವ ದಿನ ಮುಂಜಾನೆ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

“ಒಂದ ನಿಮಿಷ ಅದನ್ನ ತಗದು ಬಗ್ಗಿಬಿಡವಾ. ಡಾಕ್ಟರೇನು ನೋಡಾಕ ಬರತಾರೇನು?”

“ಚರ್ಮ ನೋಡತೈತ್ರಿ ಮಾವಾರ,” ಎಂದಳು ಉಡಚವ್ವ.

ಅದಕ್ಕಿಂತ ಹೆಚ್ಚಿನದನ್ನು ಹೇಳುವ ಧೈರ್ಯ ಅವಳಿಗೂ ಇರಲಿಲ್ಲ. ಒಂದು ಸಲ ಬಗ್ಗಿದರೆ ಚರ್ಮ ಸೇದಿಕೊಳ್ಳುವುದಿಲ್ಲ, ನಿಜ. ಆದರೆ ಇಂದು ಅಜ್ಜನಿಗೆ ಬಗ್ಗಿದರೆ ನಾಳೆ ಅಜ್ಜನ ತಮ್ಮನಿಗೆ, ಮದುವೆಯಲ್ಲಿ ನೂರಾರು ಜನಕ್ಕೆ. ಮುಂಡರಗಿಯ ಹೆಂಗಸಿನ ಕುತ್ತಿಗೆ ಕಣ್ಣ ಮುಂದೆ ಬಂತು. ಇತ್ತ ಮೈದುನನ ಮದುವೆ ತನ್ನಿಂದ ಮುರಿದರೆ ಈ ಮನೆಯಲ್ಲಿ ಅವಳ ತಲೆ ಇನ್ನೊಂದು ಬಗೆಯಲ್ಲಿ ತಗ್ಗುತ್ತದೆ. ಕೊರಳಪಟ್ಟಿಯ ಕಟ್ಟೊಂದನ್ನು ಸಡಿಲಿಸಿದಳು. ಮತ್ತೆ ಬಿಗಿದಳು.

ಶಿರಹಟ್ಟಿ ಅಜ್ಜ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದ. ಉಡಚವ್ವ ಬಂದು, ಬೆನ್ನು ಕುತ್ತಿಗೆ ನೆಟ್ಟಗಿಟ್ಟುಕೊಂಡೇ ಮೊಣಕಾಲೂರಿದಳು. ಕಣ್ಣು ಅಜ್ಜನ ಮುಖದ ಮೇಲೆ. ಕೈ ಮಾತ್ರ ಪಾದ ಹುಡುಕುತ್ತ ಕೆಳಗೆ ಹೋಯಿತು. ಊರಿನ ಕಾಲುಗಳನ್ನೆಲ್ಲ ಬಲ್ಲ ಹೆಂಗಸು ಕುರ್ಚಿಯ ಕಾಲನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ವಿರೂಪಾಕ್ಷಪ್ಪನವರು ಗೋಡೆಯ ಕ್ಯಾಲೆಂಡರು ನೋಡತೊಡಗಿದರು.

“ಅದು ಕುರ್ಚಿದವಾ,” ಎಂದ ಅಜ್ಜ. “ನಂದು ಇತ್ಲಾಗ ಐತಿ.” ಎರಡೂ ಕಾಲನ್ನು ತಾನೇ ಸರಿಸಿ ಅವಳ ಕೈಗೆ ಕೊಟ್ಟ. ಆಮೇಲೆ ಬಗ್ಗಿ, ಕೊರಳಪಟ್ಟಿಯನ್ನು ಹತ್ತಿರದಿಂದ ನೋಡಿ, ಇದೇನು ಎಂದು ಕೇಳಿದ.

ಉಡಚವ್ವ ಹೇಳಿದಳು. ಬೆಂಕಿ, ದಿಂಬು, ತೊಡೆ, ಬಿಟ್ಟರೆ ಸೇದಿಕೊಳ್ಳುವ ಚರ್ಮ. ಅಜ್ಜ ಒಂದೊಂದನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡ. ಕೊನೆಗೆ, ಯಾರಿಗೂ ಹೇಳದ ಮಾತು ಹೊರಬಿತ್ತು. ಅವನ ಇನ್ನೊಬ್ಬ ಮೊಮ್ಮಗಳಿಗೆ ಕಾದ ಹಾಲು ಬಿದ್ದು ಮೊಣಕೈ ಮಡಚಿ ಹಾಗೇ ಉಳಿದಿತ್ತು. ಮನೆಯವರು ಅದನ್ನು ಸೆರಗಿನಲ್ಲಿ ಮುಚ್ಚಿಡುತ್ತಿದ್ದರು.

“ಅದೂ ನೆಟ್ಟಗ ಆದೀತೇನವಾ?”

ಉಡಚವ್ವ ಬಾಯಿ ತೆರೆಯುವುದರೊಳಗೆ ವಿರೂಪಾಕ್ಷಪ್ಪನವರು ಕುರ್ಚಿ ಮುಂದಕ್ಕೆ ಎಳೆದುಕೊಂಡಿದ್ದರು. ಆಗದೆ ಏನು, ಡಾಕ್ಟರ್ ತಮಗೆ ಬೇಕಾದವರು, ಆಪರೇಷನ್ ಮಾಡಿಸಲೇಬೇಕೆಂದು ಹಟ ಹಿಡಿದವರೇ ತಾವು ಎಂದರು. ಹೆಬ್ಬೆರಳು ಎದ್ದಿತೋ ಇಲ್ಲವೋ, ಕೊರಳಪಟ್ಟಿಯ ಮೇಲಿಂದ ಕಾಣಲಿಲ್ಲ. ಬಾಗಿಲಲ್ಲಿ ನಿಂತ ಗದಿಗೆವ್ವ ಮಾತ್ರ ಗಂಡನನ್ನು ಉದ್ದಕ್ಕೆ ನೋಡಿ ಒಳಗೆ ಹೋದಳು.

ಸಂಬಂಧ ಕುದುರಿತು. ಆವತ್ತಿನಿಂದ ಊರಿಗೊಬ್ಬರು ಸುಟ್ಟಗಾಯದ ಪಂಡಿತರು ದೊರೆತರು. ಯಾರ ಮನೆಯಲ್ಲಿ ಕೈ ಸುಟ್ಟರೂ ವಿರೂಪಾಕ್ಷಪ್ಪನವರು ಓಣಿಗಿಂತ ಮೊದಲು ಅಲ್ಲಿರುತ್ತಿದ್ದರು: ಪೇಸ್ಟು ಬೇಡ, ಶಾಯಿ ಬೇಡ, ತಣ್ಣೀರು ಸುರಿದು ಆಸ್ಪತ್ರೆಗೆ ನಡೆಯಿರಿ. ಒಬ್ಬರ ಮನೆಯಲ್ಲಿ ಕಾಲು ಸುಟ್ಟವನ ತಲೆದಿಂಬನ್ನೂ ಕಿತ್ತುಕೊಂಡು ಬಂದರಂತೆ. ಕಟ್ಟೆಯ ಮೇಲೆ ಈಗ ಚಹಾಕ್ಕೆ ಬೇರೆ ಮಾತು ಕಲಿಯಬೇಕಾಯಿತು.

ಉಡಚವ್ವನ ಮೇಲೂ ಅವರ ಪಹರೆ ಬಿತ್ತು. ತಪಾಸಣೆಗೆ ಹೋದಾಗ ಡಾಕ್ಟರ್ ಫ್ಯಾನು ತೋರಿಸಿದರು, ಅವಳು ತಲೆ ಹಿಂದಕ್ಕೆ ಮಾಡಿ ನೋಡಿದಳು. ಆದರೂ ಇನ್ನೂ ಕೆಲವು ತಿಂಗಳು ಎಚ್ಚರ ಬೇಕೆಂದರು. ರೊಟ್ಟಿ ಬಡಿಯಲು ಈಗ ಎದೆಯೆತ್ತರದ ಅಡಿಗೆಕಟ್ಟೆಯ ಮುಂದೆ ನಿಲ್ಲುತ್ತಾಳೆ. ಉಟ್ಟಿರುವುದು ಹತ್ತಿ ಸೀರೆ, ಸೆರಗು ಬಿಗಿದು ಸಿಕ್ಕಿಸಿರುತ್ತಾಳೆ. ಸ್ವಲ್ಪ ತೂಕಡಿಸಿ ತಲೆ ಬಾಗಿತೋ, ಪಡಸಾಲೆಯಿಂದ ಗುಡುಗು ಬರುತ್ತದೆ.

“ಉಡಚವ್ವಾ, ಗದ್ದ ಮ್ಯಾಲೆ!”

ಒಂದು ಸಂಜೆ ಹಾಗೆ ಕೂಗುತ್ತ ಅವರು ಅಡಿಗೆಮನೆಯ ಬಾಗಿಲವರೆಗೂ ಬಂದರು. ಅವಳು ಗದ್ದ ಎತ್ತಿ ಅವರನ್ನು ನೋಡಿದಳು. ನೋಡುತ್ತಲೇ ಇದ್ದಳು.

“ಏನು?” ಎಂದರು ವಿರೂಪಾಕ್ಷಪ್ಪನವರು, ಸ್ವಲ್ಪ ಹಿಂಜರಿದು.

“ಟೊಪಗಿ ಸೊಟ್ಟ ಆಗೇತ್ರಿ ಮಾವಾರ.”

ಅವರು ಕೈಯೆತ್ತಿ ಮುಟ್ಟಿನೋಡಿಕೊಂಡರು. ಸರಿಪಡಿಸಿಕೊಂಡರು.

“ಎಷ್ಟ ದಿನದಿಂದ ಹಿಂಗೈತಿ?”

“ನನಗೇನು ಗೊತ್ರಿ,” ಎಂದಳು ಉಡಚವ್ವ, ರೊಟ್ಟಿ ತಿರುವುತ್ತ. “ನಾ ಈಗ ನೋಡಾಕತ್ತೀನಿ.”